ಐದು ಆಪ್ ಉಂಟು, ಆದರೂ ಸ್ಕೂಟರಿನ ಇನ್ಶೂರೆನ್ಸ್ ಮರೆತೆ. ನೀವೆಲ್ಲ ಎಂತ ಮಾಡುತ್ತೀರಿ?

ಪಡುಬಿದ್ರಿ ಪ್ಯಾಸೆಂಜರ್ · ಜೂನ್ 12, ರಾತ್ರಿ 9:48

ನಮಸ್ಕಾರ. ಬೈಯುವವರು ಬೈಯಿರಿ, ಆದರೆ ಉಪಾಯವನ್ನೂ ಹೇಳಿ.

ನಾನು ದಿನಾ ಪಡುಬಿದ್ರಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವವಳು. ಹಂಪನಕಟ್ಟೆ ಹತ್ತಿರ ಒಂದು ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ. ಮನೆಯಲ್ಲಿ ಅತ್ತೆ, ಎಂಟನೇ ಕ್ಲಾಸಿನ ಮಗ. ಗಂಡ ದುಬೈಯಲ್ಲಿ. ಕರೆಂಟು ಬಿಲ್ಲು, ಗ್ಯಾಸು, ಅತ್ತೆಯ ಬಿಪಿ ಮಾತ್ರೆ, ಮಗನ ಫೀಸು, ಎಲ್ಲದರ ನೆನಪು ನನ್ನ ಮಂಡೆಯಲ್ಲೇ ಇರಬೇಕು.

ಮಂಡೆಯಲ್ಲಿ ಜಾಗ ಸಾಲದೆ ಆಪ್ ಹಾಕಿದೆ. ಗೂಗಲ್ ಕೀಪ್ ಉಂಟು, ಗೂಗಲ್ ಕ್ಯಾಲೆಂಡರ್ ಉಂಟು, ಕೆಲಸದ ಪಟ್ಟಿಗೆ ಟುಡೂಯಿಸ್ಟ್ ಉಂಟು. ನೋಶನ್‌ನಲ್ಲಿ "ನಮ್ಮ ಮನೆ" ಅಂತ ಒಂದು ಪೇಜು ಮಾಡಿದೆ, ಎರಡು ಭಾನುವಾರ ಅದರ ಅಲಂಕಾರಕ್ಕೇ ಹೋಯಿತು. ಇಷ್ಟು ಸಾಲದ್ದಕ್ಕೆ ವಾಟ್ಸಾಪಿನಲ್ಲಿ ನನಗೆ ನಾನೇ ಮೆಸೇಜು ಹಾಕಿಕೊಳ್ಳುತ್ತೇನೆ.

ಮೊನ್ನೆ ಸ್ಕೂಟರನ್ನು ಸರ್ವಿಸಿಗೆ ಕೊಟ್ಟಾಗ ಅಲ್ಲಿನ ಹುಡುಗ ಹೇಳಿದ, "ಅಕ್ಕ, ಇನ್ಶೂರೆನ್ಸ್ ಮುಗಿದು 11 ದಿನ ಆಯಿತಲ್ಲ!" ಬಸ್ ಸ್ಟಾಪಿನವರೆಗೆ ದಿನಾ ಅದರಲ್ಲೇ ಹೋಗಿದ್ದೇನೆ. ಮನೆಗೆ ಬಂದು ಹುಡುಕಿದರೆ ಆ ತಾರೀಕನ್ನು ಮೂರು ಕಡೆ ಬರೆದಿಟ್ಟಿದ್ದೆ. ಒಂದರಲ್ಲಿ ರಿಮೈಂಡರ್ ಇಟ್ಟೇ ಇರಲಿಲ್ಲ. ಇನ್ನೊಂದರದ್ದು ಬಂದಿರಬೇಕು, ಮುಲ್ಕಿ ದಾಟುವಾಗ ತೂಕಡಿಸುತ್ತಾ ಒತ್ತಿ ತೆಗೆದಿರಬೇಕು. ಮೂರನೆಯದನ್ನು ಬರೆದದ್ದೇ ನೆನಪಿಲ್ಲ.

ಎಲ್ಲ ಬಿಟ್ಟು ಒಂದೇ ಇಟ್ಟುಕೊಳ್ಳುವುದಾದರೆ ಯಾವುದು? ಅಥವಾ ಸುಮ್ನೆ ಡೈರಿಗೇ ವಾಪಸ್ ಹೋಗಲಾ?

ಗೋಳಿಬಜೆ 404 · ಜೂನ್ 12, ರಾತ್ರಿ 9:55

ಆರನೆಯ ಆಪ್ ಹಾಕಿ ಅಕ್ಕ. ಅದರಲ್ಲಿ "ಉಳಿದ ಐದನ್ನು ನೋಡು" ಅಂತ ರಿಮೈಂಡರ್ ಇಡಿ.

ಲೆಕ್ಕದ ಪುಸ್ತಕ · ಜೂನ್ 12, ರಾತ್ರಿ 10:20

ಮೊದಲು ಸಮಾಧಾನದ ಮಾತು. 11 ದಿನಕ್ಕೆ ಮುಳುಗಿ ಹೋದದ್ದೇನಿಲ್ಲ. ಮುಗಿದ 90 ದಿನದೊಳಗೆ ನವೀಕರಿಸಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಉಳಿಯುತ್ತದೆ. ಆದರೆ ಕಟ್ಟುವವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಓಡಿಸುವುದು ತಪ್ಪು. ಯಾರಿಗಾದರೂ ತಾಗಿದರೆ ಪರಿಹಾರ ನಿಮ್ಮ ಕೈಯಿಂದಲೇ ಹೋಗುತ್ತದೆ.

ನಾನು ಉಡುಪಿಯಲ್ಲಿ ಟ್ಯಾಕ್ಸ್ ಕೆಲಸ ಮಾಡುವವನು. ನಮ್ಮ ಹೊಟ್ಟೆಪಾಡೇ ತಾರೀಕು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ (ಎರಡೂ ಜಿಎಸ್‌ಟಿ ರಿಟರ್ನ್), ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್. ಒಂದು ದಿನ ತಪ್ಪಿದರೆ ಪಾರ್ಟಿ ದಂಡ ಕಟ್ಟುತ್ತಾರೆ, ನಾನು ಬೈಗುಳ ತಿನ್ನುತ್ತೇನೆ.

ತಾರೀಕು ಇರುವುದೆಲ್ಲ ಕ್ಯಾಲೆಂಡರಿಗೆ. ತಾರೀಕು ಇಲ್ಲದ್ದು ಪಟ್ಟಿಗೆ. ಇವೆರಡನ್ನು ಬೆರೆಸಿದರೆ ಕೆಟ್ಟಿತು. ಇನ್ನೊಂದು ಮಾತು. ಕ್ಯಾಲೆಂಡರಿನಲ್ಲಿ "ವಿಮೆ ಮುಗಿಯುವ ದಿನ" ಅಂತ ಬರೆಯಬೇಡಿ. ಮುಗಿದ ದಿನ ಗೊತ್ತಾಗಿ ಎಂತ ಪ್ರಯೋಜನ? 15 ದಿನ ಮೊದಲಿನ ತಾರೀಕಿಗೆ "ಸ್ಕೂಟರ್ ವಿಮೆ ಕಟ್ಟಬೇಕು" ಅಂತ ಬರೆಯಿರಿ. ಪಾಲಿಸಿ ನಂಬರನ್ನೂ ಅದರೊಳಗೇ ಹಾಕಿ, ಪ್ರತಿ ವರ್ಷ ರಿಪೀಟ್ ಕೊಡಿ. ಬೆಲ್ ಹೊಡೆಯುವ ಹೊತ್ತು ಕೂಡಾ ಮುಖ್ಯ. ನೀವು ಬಸ್ಸಿನಲ್ಲಿ ಕಂಬ ಹಿಡಿದು ನಿಂತಿರುವಾಗ ಬಂದರೆ ಒತ್ತಿ ತೆಗೆಯುವುದೇ. ಕುಳಿತು ಹಣ ಕಟ್ಟಲು ಆಗುವ ಹೊತ್ತಿಗೆ ಇಡಿ.

ಹಾಸ್ಟೆಲ್ ಮೂರನೇ ಮಹಡಿ · ಜೂನ್ 12, ರಾತ್ರಿ 11:37

ಮಣಿಪಾಲದಿಂದ. ಅಕ್ಕ, ಒಮ್ಮೆ ಅಬ್ಸಿಡಿಯನ್ ನೋಡಿ. ಎಲ್ಲ ಟಿಪ್ಪಣಿ ನಿಮ್ಮ ಫೋನಿನಲ್ಲೇ ಸಾದಾ ಟೆಕ್ಸ್ಟ್ ಫೈಲ್ ಆಗಿ ಇರುತ್ತದೆ. ಒಂದು ನೋಟಿಗೆ ಇನ್ನೊಂದನ್ನು ಲಿಂಕ್ ಮಾಡಬಹುದು. "ಸ್ಕೂಟರ್" ಅಂತ ಒಂದು ಪುಟ, ಅದಕ್ಕೆ "ವಿಮೆ", "ಸರ್ವಿಸ್", "ಹೊಗೆ ಸರ್ಟಿಫಿಕೇಟ್" ಎಲ್ಲ ಜೋಡಿಸಿದರೆ ಬಲೆಯ ಹಾಗೆ ಒಂದು ನಕ್ಷೆಯೇ ಬರುತ್ತದೆ. ನನ್ನಲ್ಲಿ ಈಗ 1,400 ನೋಟ್ ಉಂಟು.

ಗೋಳಿಬಜೆ 404 · ಜೂನ್ 12, ರಾತ್ರಿ 11:41

ಅವರು ಕೇಳಿದ್ದು ಗ್ಯಾಸ್ ಬುಕ್ ಮಾಡುವುದು ನೆನಪಿಡುವುದು ಹೇಗೆ ಅಂತ. ನೀನು ಪಿಎಚ್‌ಡಿಗೆ ದಾರಿ ತೋರಿಸುತ್ತಿದ್ದೀ ಮಾರಾಯ. ಆ 1,400ರಲ್ಲಿ ವಾಪಸ್ ತೆರೆದು ಓದಿದ್ದು ಎಷ್ಟು?

ಹಾಸ್ಟೆಲ್ ಮೂರನೇ ಮಹಡಿ · ಜೂನ್ 13, ರಾತ್ರಿ 12:15

ಓದಿದ್ದು ಸ್ವಲ್ಪವೇ, ಒಪ್ಪಿದೆ. ಆದರೆ ನನ್ನ ವಾದ ಬೇರೆ. ಆಪ್‌ಗಳು ಶಾಶ್ವತ ಅಲ್ಲ. ವುಂಡರ್‌ಲಿಸ್ಟ್ ಎಷ್ಟು ಜನರಿಗೆ ಇಷ್ಟವಾಗಿತ್ತು! ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೊಂಡಿತು, 2020ರ ಮೇ ತಿಂಗಳಲ್ಲಿ ನಿಲ್ಲಿಸಿ ಎಲ್ಲರನ್ನೂ ತನ್ನ ಟು ಡೂ ಆಪ್‌ಗೆ ಕರೆಯಿತು. ಎವರ್‌ನೋಟ್ 2023ರ ಕೊನೆಗೆ ಉಚಿತ ಖಾತೆಗೆ 50 ನೋಟಿನ ಮಿತಿ ಹಾಕಿತು. ಹಾಗಾಗಿ ಯಾವುದನ್ನು ಹಿಡಿದರೂ ಒಂದು ಪ್ರಶ್ನೆ ಕೇಳಿ. ನಾಳೆ ಇದು ಮುಚ್ಚಿದರೆ ನಾನು ಬರೆದದ್ದನ್ನು ಹೊರಗೆ ತೆಗೆಯಲು ಆಗುತ್ತದಾ? ಗೂಗಲ್‌ನದ್ದಾದರೆ ಟೇಕ್‌ಔಟ್ ಅಂತ ಉಂಟು, ಕೀಪ್ ಮತ್ತು ಕ್ಯಾಲೆಂಡರ್ ಎರಡನ್ನೂ ಇಳಿಸಿಕೊಳ್ಳಬಹುದು.

ಗೋಡೆ ಕ್ಯಾಲೆಂಡರ್ · ಜೂನ್ 13, ಬೆಳಿಗ್ಗೆ 6:10

ನಾನು ರಿಟೈರ್ ಆದ ಬ್ಯಾಂಕ್ ಕ್ಯಾಷಿಯರ್. ಮನೆ ಕದ್ರಿಯಲ್ಲಿ. ನಿನ್ನೆ ಮಳೆಗೆ ಕರೆಂಟು ಹೋದದ್ದು ಬೆಳಿಗ್ಗೆ ಬಂತು, ಫೋನಿಗೆ ಈಗ ಜೀವ ಬಂತು. ಗೋಡೆಗೆ ಆ ಸಮಸ್ಯೆ ಇಲ್ಲ ನೋಡಿ.

ನಮ್ಮ ಅಡುಗೆ ಕೋಣೆಯಲ್ಲಿ ಒಂದು ದೊಡ್ಡ ಅಂಕೆಯ ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿ ಎಲ್ಲ ಇರುವಂಥದ್ದು. ಸಿಲಿಂಡರ್ ಹಾಕಿದ ದಿನಕ್ಕೆ "ಗ್ಯಾ" ಅಂತ ಬರೆಯುತ್ತೇವೆ. ಹಾಲು ಬಾರದ ದಿನಕ್ಕೆ ಕಾಟು. ನನ್ನ ಶುಗರ್ ಟೆಸ್ಟಿಗೆ ಕೆಂಪು ಸುತ್ತು. ಅದನ್ನು ಯಾರೂ ತೆರೆಯಬೇಕಾಗಿಲ್ಲ. ಚಹಾಕ್ಕೆ ನೀರಿಟ್ಟಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಅದೇ ಅದರ ಗುಟ್ಟು. ಫೋನಿನಲ್ಲಿ ಬರೆದದ್ದನ್ನು ನೋಡಬೇಕಾದರೆ ನೋಡಬೇಕು ಅಂತ ಮೊದಲು ನೆನಪಾಗಬೇಕು.

ಅಭ್ಯಾಸದ ವಿಷಯ ಬಂದರೆ ನನಗೆ ಪಿಗ್ಮಿ ನೆನಪಾಗುತ್ತದೆ. ನಮ್ಮ ಕೆನರಾ ಬ್ಯಾಂಕಿನವರು ಶುರು ಮಾಡಿದ್ದು. ದಿನಾ ಎರಡಾಣೆ ಕಟ್ಟಿದರೆ ಸಾಕು. ಅಂಗಡಿಯವರು ಉಳಿತಾಯ ಮಾಡಬೇಕು ಅಂತ ತಾವಾಗಿ ನೆನಪಿಟ್ಟು ಬ್ಯಾಂಕಿಗೆ ಬರಬೇಕಾಗಿರಲಿಲ್ಲ. ಏಜೆಂಟ್ ದಿನಾ ಅದೇ ಹೊತ್ತಿಗೆ ಬಾಗಿಲಿಗೆ ಬರುತ್ತಿದ್ದ. ಅವನ ಮುಖ ಕಂಡಾಗ ಗಲ್ಲಾಕ್ಕೆ ಕೈ ಹೋಗುತ್ತಿತ್ತು. ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ, ಹಾಗೆ ಕೂಡಿಸಿದ ಹಣದಲ್ಲಿ ಮಗಳ ಮದುವೆ ಮಾಡಿದವರು ಎಷ್ಟೋ ಜನ. ನಿಮ್ಮ ಆಪ್‌ಗಳಲ್ಲಿ ಆ ಏಜೆಂಟ್ ಯಾರು? ಅವನಿಲ್ಲದೆ ಪಾಸ್ ಪುಸ್ತಕ ಮಾತ್ರ ಐದು ಇಟ್ಟುಕೊಂಡರೆ ಎಂತ ಮಾಡುವುದು?

ಲೆಕ್ಕದ ಪುಸ್ತಕ · ಜೂನ್ 13, ಬೆಳಿಗ್ಗೆ 7:02

ಸರ್, ಒಂದು ಸಣ್ಣ ತಿದ್ದುಪಡಿ. ಪಿಗ್ಮಿ ಶುರು ಮಾಡಿದ್ದು ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ. ಆ ಬ್ಯಾಂಕ್ 1925ರಲ್ಲಿ ನಮ್ಮ ಉಡುಪಿಯಲ್ಲಿ ಹುಟ್ಟಿದ್ದು. ಕೆನರಾ ಬ್ಯಾಂಕ್ 1906ರದ್ದು, ನಿಮ್ಮ ಮಂಗಳೂರಿನದ್ದು.

ಗೋಡೆ ಕ್ಯಾಲೆಂಡರ್ · ಜೂನ್ 13, ಬೆಳಿಗ್ಗೆ 7:30

ತಪ್ಪಾಯಿತು. ಆದರೆ ನನ್ನದು ಪೂರ್ತಿ ತಪ್ಪಲ್ಲ ಮಾರಾಯ್ರೆ. ಸಿಂಡಿಕೇಟಿನ ಮೊದಲ ಹೆಸರೇ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. 2020ರ ಏಪ್ರಿಲಿನಲ್ಲಿ ಕೆನರಾದೊಳಗೇ ಸೇರಿಯೂ ಆಯಿತು. ಉಡುಪಿಯವರು ಇದೊಂದನ್ನು ಬಿಟ್ಟುಕೊಡುವುದಿಲ್ಲ ಅಂತ ಗೊತ್ತಿತ್ತು.

ನೀರುದೋಸೆ ಆರ್ಡರ್ · ಜೂನ್ 13, ಮಧ್ಯಾಹ್ನ 2:45

ನಾನು ಬ್ರಹ್ಮಾವರದಲ್ಲಿ ಮನೆಯಿಂದಲೇ ಅಡುಗೆ ಆರ್ಡರ್ ತೆಗೆದುಕೊಳ್ಳುತ್ತೇನೆ. ನೀರುದೋಸೆ, ಪುಂಡಿ, ಕೋಳಿ ಸುಕ್ಕ. ನನ್ನ ಇಡೀ ವ್ಯಾಪಾರ ವಾಟ್ಸಾಪಿನಲ್ಲಿ. ಜನ ಬರುವುದೇ ಅಲ್ಲಿಗೆ, ನಾನು ಬೇರೆ ಆಪ್ ಹಾಕಿ ಏನು ಮಾಡಲಿ?

ಮೊದಲು ಭಾರಿ ಗಲಿಬಿಲಿ ಆಗುತ್ತಿತ್ತು. ಒಬ್ಬರು ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಾರೆ, "ಅಕ್ಕ, ಭಾನುವಾರಕ್ಕೆ 60 ದೋಸೆ." ಅರ್ಧ ಗಂಟೆ ಬಿಟ್ಟು "60 ಅಲ್ಲ 80". ಆಮೇಲೆ ಮೊಮ್ಮಗಳ ಡ್ಯಾನ್ಸ್ ವೀಡಿಯೊ. ಅದರ ಕೆಳಗೆ "ಶನಿವಾರ ಆದರೆ ಆಗುತ್ತದಾ?" ಒಮ್ಮೆ ಹೀಗೇ ಎಡವಟ್ಟಾಗಿ ಒಂದು ಸೀಮಂತಕ್ಕೆ ಒಂದು ದಿನ ಮೊದಲೇ ದೋಸೆ ಹೊಯ್ದು ಕಳಿಸಿದೆ. ಅವರ ಮನೆಯಲ್ಲಿ ಗಂಡಸರು ಇನ್ನೂ ಶಾಮಿಯಾನ ಕಟ್ಟುತ್ತಿದ್ದರು!

ಈಗ ವಾಟ್ಸಾಪ್ ಬಿಸಿನೆಸ್ ಹಾಕಿದ್ದೇನೆ. ಅದರಲ್ಲಿ ಚಾಟಿಗೆ ಲೇಬಲ್ ಹಚ್ಚಬಹುದು. ಹೊಸ ಆರ್ಡರ್, ಹಣ ಬಾಕಿ, ಮುಗಿದದ್ದು. ಆದರೆ ಲೇಬಲ್‌ಗಿಂತ ಜಾಸ್ತಿ ಉಪಕಾರ ಆದದ್ದು ಒಂದು ಗೆರೆ ಹಾಕಿದ ನೋಟ್ ಪುಸ್ತಕ. ಆರ್ಡರ್ ಪಕ್ಕಾ ಆದ ಮೇಲೆ ದಿನ, ಹೊತ್ತು, ಲೆಕ್ಕ ಪುಸ್ತಕದಲ್ಲಿ ಬರೆದು, ಆ ಸಾಲಿನ ಫೋಟೋ ತೆಗೆದು ಅವರಿಗೇ ಕಳಿಸುತ್ತೇನೆ. "ಸರಿ" ಅಂತ ಬಂದರೆ ಮಾತ್ರ ಅಕ್ಕಿ ನೆನೆ ಹಾಕುವುದು. ಜಗಳವೇ ಇಲ್ಲ.

ಎಕ್ಸ್‌ಪ್ರೆಸ್ ಬಸ್ · ಜೂನ್ 13, ಮಧ್ಯಾಹ್ನ 3:10

ವಾಟ್ಸಾಪಿನಲ್ಲಿ ತನಗೆ ತಾನೇ ಮೆಸೇಜು ಹಾಕುವ ಸೌಲಭ್ಯ ಬಂದದ್ದು 2022ರ ಕೊನೆಗೆ. ಅದಕ್ಕೂ ಮೊದಲು ನಾನು ತಮ್ಮನನ್ನು ಸೇರಿಸಿ ಒಂದು ಗ್ರೂಪ್ ಮಾಡಿ, ಮರುಕ್ಷಣ ಅವನನ್ನು ತೆಗೆದು ಹಾಕಿದ್ದೆ. ಗ್ರೂಪಿನ ಹೆಸರು "ನಾನೊಬ್ಬನೇ". ತಮ್ಮ ಇವತ್ತಿಗೂ ಹೇಳುತ್ತಾನೆ ಅದನ್ನು.

ಪಡುಬಿದ್ರಿ ಪ್ಯಾಸೆಂಜರ್ · ಜೂನ್ 13, ರಾತ್ರಿ 8:20

ಎಲ್ಲರಿಗೂ ಥ್ಯಾಂಕ್ಸ್. ವಿಮೆ ಇವತ್ತು ಕಟ್ಟಿದೆ, ಮೊದಲಿಗೆ ಅದು.

ಇನ್ನೊಂದು ವಿಷಯ ಗೊತ್ತಾಯಿತು. ಮೂರು ಕಡೆ ಬರೆದಿದ್ದೆ ಅಂದೆನಲ್ಲ? ಒಂದು ಕಡೆ "ಇನ್ಶೂರೆನ್ಸ್" ಅಂತ ಇತ್ತು, ಒಂದು ಕಡೆ "ಇನ್ಸುರೆನ್ಸ್", ಒಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ. ಏಪ್ರಿಲಿನಲ್ಲಿ ಒಮ್ಮೆ ಹುಡುಕಿದ ನೆನಪುಂಟು, ಆಗ ಸಿಗಲಿಲ್ಲ. ಹೀಗಿದ್ದರೆ ಸಿಗುವುದಾದರೂ ಹೇಗೆ?

ಟೈಪಿಂಗ್ ಸೀನಿಯರ್ · ಜೂನ್ 13, ರಾತ್ರಿ 9:05

ಕೊನೆಗೂ ನನ್ನ ವಿಷಯ ಬಂತು. ಇದು ಕನ್ನಡದಲ್ಲಿ ಬರೆದಿಡುವ ಎಲ್ಲರ ಗೋಳು. ಫೋನಿಗೆ "ಇನ್ಶೂ" ಬೇರೆ, "ಇನ್ಸು" ಬೇರೆ. ನಾನು ಮಾಡಿದ್ದು ಇಷ್ಟು. ಪದೇ ಪದೇ ಬೇಕಾಗುವ ಹತ್ತು ಹದಿನೈದು ವಿಷಯಕ್ಕೆ ಕಾಗುಣಿತ ತಪ್ಪಲು ಆಗದಂಥ ಚಿಕ್ಕ ಪದ ಗೊತ್ತು ಮಾಡಿಕೊಂಡೆ. ವಿಮೆ. ಮನೆ. ಹಣ. ಮದ್ದು. ಶಾಲೆ. ಯಾವ ನೋಟ್ ಬರೆದರೂ ಮೊದಲ ಪದ ಅದೇ. "ವಿಮೆ, ಸ್ಕೂಟರ್, ಜೂನ್ 1". ಆಮೇಲೆ ಹುಡುಕುವಾಗ "ವಿಮೆ" ಅಂದರೆ ಸಾಕು.

ಹಳೆಯ ಕಡತ ಇರುವವರಿಗೆ ಇನ್ನೊಂದು ಮಾತು. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲುಗಳು ಫೋನಿನಲ್ಲಿ ಬರೀ ಇಂಗ್ಲಿಷ್ ಗೀಚಿದ ಹಾಗೆ ಕಾಣುತ್ತವೆ. ಅದು ಹಾಳಾದದ್ದಲ್ಲ, ಬಿಸಾಡಬೇಡಿ. ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರ್‌ಗಳು ಉಂಟು. ಬದಲಾಯಿಸಿದ ಮೇಲೆ ಹುಡುಕಿದರೆ ಸಿಗುತ್ತದೆ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಷ್ಟ ಅನ್ನುವವರಿಗೆ ನೆನಪಿಸುತ್ತೇನೆ. ನಾವು ಇವತ್ತು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. 'ಕ' ಬೇಕಾದರೆ ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ ಬರುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್. ಒಂದು ವಾರ ಕೂತರೆ ಕೈಗೆ ಹತ್ತುತ್ತದೆ. ನಮ್ಮೂರಿನ ಕೆಲಸ ಇದು, ನಾವೇ ಕಲಿಯದಿದ್ದರೆ ಹೇಗೆ?

ಎಕ್ಸ್‌ಪ್ರೆಸ್ ಬಸ್ · ಜೂನ್ 13, ರಾತ್ರಿ 9:20

ಟೈಪಿಂಗ್ ಯಾಕೆ, ಮೈಕ್ ಒತ್ತಿ ಮಾತಾಡಿದರೆ ಆಯಿತಲ್ಲ. ಜಿಬೋರ್ಡ್ ಕನ್ನಡ ಚೆನ್ನಾಗಿಯೇ ಬರೆಯುತ್ತದೆ. ಬಸ್ಸಿನಲ್ಲಿ ಮಾತ್ರ ಮಾಡಬೇಡಿ. ನಾನು "ಅಮ್ಮನಿಗೆ ಮದ್ದು ತರಬೇಕು" ಅಂದೆ. ಕಂಡಕ್ಟರ್ ಬೊಬ್ಬೆಯೂ ಸೇರಿ "ಅಮ್ಮನಿಗೆ ಸುರತ್ಕಲ್ ಸುರತ್ಕಲ್ ತರಬೇಕು" ಅಂತ ಬಂತು.

ಸ್ಕ್ರೀನ್ ಗಾರ್ಡ್ · ಜೂನ್ 14, ಬೆಳಿಗ್ಗೆ 11:30

ಮೊಬೈಲ್ ರಿಪೇರಿ ಅಂಗಡಿ ಇಟ್ಟವನು ನಾನು, ಕಂಕನಾಡಿಯಲ್ಲಿ. "ಆಪ್ ನೆನಪಿಸಲೇ ಇಲ್ಲ" ಅಂತ ಬರುವವರನ್ನು ದಿನಾ ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ತಪ್ಪು ಆಪಿನದ್ದಲ್ಲ. ಬ್ಯಾಟರಿ ಉಳಿಸಲು ಫೋನೇ ಅದನ್ನು ಹಿಂದಿನಿಂದ ಮಲಗಿಸಿ ಬಿಟ್ಟಿರುತ್ತದೆ.

ಸೆಟ್ಟಿಂಗ್ಸ್‌ಗೆ ಹೋಗಿ, ಆಪ್ಸ್, ನಿಮ್ಮ ರಿಮೈಂಡರ್ ಆಪ್, ಬ್ಯಾಟರಿ. ಅಲ್ಲಿ "ಅನ್‌ರಿಸ್ಟ್ರಿಕ್ಟೆಡ್" ಅಂತ ಮಾಡಿ. ಹೊಸ ಆಂಡ್ರಾಯ್ಡ್ ಆದರೆ "ಅಲಾರ್ಮ್ಸ್ ಅಂಡ್ ರಿಮೈಂಡರ್ಸ್" ಅಂತ ಇನ್ನೊಂದು ಅನುಮತಿ ಉಂಟು, ಅದೂ ಕೊಟ್ಟಿರಬೇಕು. ಫೋನಿನಿಂದ ಫೋನಿಗೆ ಹೆಸರು ಸ್ವಲ್ಪ ಬೇರೆ ಇರಬಹುದು. ಮಾಡಿದ ಮೇಲೆ ನಂಬಬೇಡಿ, ಪರೀಕ್ಷೆ ಮಾಡಿ. ಹತ್ತು ನಿಮಿಷ ಬಿಟ್ಟು ಬರುವ ಹಾಗೆ ಒಂದು ರಿಮೈಂಡರ್ ಇಟ್ಟು, ಫೋನ್ ಲಾಕ್ ಮಾಡಿ, ಮೇಜಿನ ಮೇಲೆ ಬಿಟ್ಟು ಚಹಾ ಕುಡಿದು ಬನ್ನಿ.

ಇನ್ನೊಂದು, ಮಳೆಗಾಲದ ಮಾತು. ಜೂನ್‌ನಲ್ಲಿ ನನ್ನ ಅಂಗಡಿಗೆ ಬರುವ ಅರ್ಧ ಫೋನು ನೀರು ಕುಡಿದದ್ದು. ವಾಟ್ಸಾಪನ್ನೇ ಡೈರಿ ಮಾಡಿಕೊಂಡವರು ಬ್ಯಾಕಪ್ ನೋಡಿ. ಆಂಡ್ರಾಯ್ಡಿನಲ್ಲಿ ಅದು ಮೊದಲು ಲೆಕ್ಕಕ್ಕೆ ಇರಲಿಲ್ಲ, 2024ರಿಂದ ಗೂಗಲ್ ಖಾತೆಯ ಉಚಿತ 15 ಜಿಬಿಯೊಳಗೇ ಸೇರುತ್ತದೆ. ಗುಡ್ ಮಾರ್ನಿಂಗ್ ವೀಡಿಯೊ ತುಂಬಿ ಜಾಗ ಮುಗಿದರೆ ಬ್ಯಾಕಪ್ ನಿಲ್ಲುತ್ತದೆ. ಬ್ಯಾಕಪ್ ನಿಂತದ್ದು ಗೊತ್ತಾಗುವುದು ಫೋನ್ ನೀರಿಗೆ ಬಿದ್ದ ಮೇಲೆ.

ಮಲ್ಪೆ ಗಾಳಿ · ಜೂನ್ 14, ಸಂಜೆ 5:50

ನಮ್ಮದು ಬೋಟಿನ ಲೆಕ್ಕ ನೋಡುವ ಕೆಲಸ. ಈಗ ಪುರುಸೊತ್ತು ಉಂಟು, ಅದಕ್ಕೇ ಉದ್ದ ಬರೆಯುತ್ತೇನೆ.

ಬೋಟು ಆಳಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ. ದಡದಿಂದ ಸ್ವಲ್ಪ ದೂರ ಹೋದರೆ ನೆಟ್‌ವರ್ಕ್ ಇಲ್ಲ. ಹಾಗಾಗಿ ನಾನು ಆಪ್ ಆರಿಸುವಾಗ ನೋಡುವುದು ಒಂದೇ, ನೆಟ್ ಇಲ್ಲದೆ ಕೆಲಸ ಮಾಡುತ್ತದಾ? ಫೋನಿನ ಅಲಾರ್ಮ್‌ಗೆ ಹೆಸರು ಕೊಡಬಹುದು ಅಂತ ಎಷ್ಟು ಜನರಿಗೆ ಗೊತ್ತುಂಟು? ನಮ್ಮ ತಾಂಡೇಲನ (ಬೋಟು ನಡೆಸುವವನ) ಫೋನಿನಲ್ಲಿ "ಆಯಿಲ್ ನೋಡು" ಅಂತ ಒಂದು, "ಮಾತ್ರೆ" ಅಂತ ಒಂದು. ಅವನಿಗೆ ಬೇರೆ ಆಪ್ ಬೇಡ. ಡೀಸೆಲ್, ಐಸು, ರೇಶನ್ ಎಷ್ಟು ಹಾಕಬೇಕು ಅನ್ನುವ ಪಟ್ಟಿ ಒಂದು ರಟ್ಟಿಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಕಿ ಸ್ಟೇರಿಂಗ್ ಪಕ್ಕ ಕಟ್ಟಿದ್ದೇವೆ. ಅದೇ ಪಟ್ಟಿ, ಪ್ರತಿ ಸಲ. ಹೊಸತಾಗಿ ಯೋಚನೆ ಮಾಡುವ ಕೆಲಸವೇ ಇಲ್ಲ.

ಮತ್ತೆ ನಮಗೆ ಜನವರಿ ಒಂದು ಹೊಸ ವರ್ಷ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಬಲೆ ಹೆಣೆಯುವುದು, ಇಂಜಿನ್ ಬಿಚ್ಚುವುದು, ಲೈಸೆನ್ಸು, ವಿಮೆ, ಬ್ಯಾಂಕಿನ ಕಾಗದ ಎಲ್ಲ ಈಗಲೇ. ವರ್ಷಕ್ಕೊಮ್ಮೆ ಎಲ್ಲ ಕಾಗದ ಹೊರಗೆ ಹಾಕಿ ನೋಡುವ ಹೊತ್ತು ಒಂದು ಇರಬೇಕು ಅಂತ ನನ್ನ ಅಭಿಪ್ರಾಯ. ನಿಮಗೆ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಮದುವೆ, ಮುಂಜಿ ಯಾವುದೂ ಇರುವುದಿಲ್ಲ ಅಲ್ವಾ? ಒಂದು ಭಾನುವಾರ ತೆಗೆದಿಡಿ.

ಬಿಜೈ ಬಾಲ್ಕನಿ · ಜೂನ್ 14, ರಾತ್ರಿ 10:02

ನೆನಪಿಡುವುದರ ಬಗ್ಗೆ ಎಲ್ಲರೂ ಹೇಳಿದರು, ಹೊತ್ತು ಹಾಳಾಗುವುದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಪಟ್ಟಿ ನೋಡಲು ಫೋನ್ ತೆಗೆಯುತ್ತೇನೆ, ನಲವತ್ತು ನಿಮಿಷ ರೀಲ್ಸ್ ನೋಡಿ ಕೆಳಗಿಡುತ್ತೇನೆ. ಪಟ್ಟಿ ನೋಡಿರುವುದಿಲ್ಲ.

ಯಾರೋ ಹೇಳಿದರು ಅಂತ ಸ್ಕ್ರೀನನ್ನು ಕಪ್ಪು ಬಿಳುಪು ಮಾಡಿದೆ. ಮೂರು ದಿನ ಒಳ್ಳೆಯದಾಯಿತು, ರೀಲ್ಸ್ ನೋಡಲು ಮನಸ್ಸೇ ಬರಲಿಲ್ಲ. ನಾಲ್ಕನೇ ದಿನ ಮೀನಿನವರು ವಾಟ್ಸಾಪಿನಲ್ಲಿ ಬಂಗುಡೆ ಫೋಟೋ ಕಳಿಸಿದರು. ಕಿವಿರು ಕೆಂಪುಂಟೋ ಇಲ್ಲವೋ ಒಂದೂ ಗೊತ್ತಾಗಲಿಲ್ಲ. ತಂದೆವು. ಆ ರಾತ್ರಿಯೇ ಬಣ್ಣ ವಾಪಸ್ ಹಾಕಲು ಮನೆಯವರ ಆರ್ಡರ್ ಆಯಿತು.

ಈಗ ಉಳಿದದ್ದು ಒಂದೇ, ನೋಟಿಫಿಕೇಶನ್ ಕಡಿತ. ಕರೆ, ಕ್ಯಾಲೆಂಡರ್, ಬ್ಯಾಂಕು, ಮಗಳ ಶಾಲೆಯ ಗ್ರೂಪು. ಬೇರೆ ಯಾವುದಕ್ಕೂ ಸದ್ದು ಮಾಡುವ ಹಕ್ಕಿಲ್ಲ. ಮೊದಲು ರಿಮೈಂಡರ್ ಕೂಡಾ ಉಳಿದ ಕಿರಿಕಿರಿಯ ಜೊತೆ ಒಂದಾಗಿ ಹೋಗುತ್ತಿತ್ತು. ಈಗ ಫೋನ್ ಕೂಗಿದರೆ ಏನೋ ಉಂಟು ಅಂತಲೇ ಅರ್ಥ.

ಶಿಸ್ತಿನ ಸಿಪಾಯಿ · ಜೂನ್ 15, ಬೆಳಿಗ್ಗೆ 5:01

ಕ್ಷಮಿಸಿ, ಇದೆಲ್ಲ ಸೋಮಾರಿತನಕ್ಕೆ ನೆಪ. ನಾನು ಬೆಳಿಗ್ಗೆ 4:30ಕ್ಕೆ ಏಳುತ್ತೇನೆ. ಯೋಗ, ಓದು, ದಿನದ ಯೋಜನೆ. ಆಪ್ ಬೇಡ, ಡೈರಿ ಬೇಡ. ಮೂರು ವರ್ಷದಿಂದ ಒಂದು ಕೆಲಸವೂ ತಪ್ಪಿಲ್ಲ. ಮನಸ್ಸು ಗಟ್ಟಿ ಇರಬೇಕು ಅಷ್ಟೇ.

ನೀರುದೋಸೆ ಆರ್ಡರ್ · ಜೂನ್ 15, ಬೆಳಿಗ್ಗೆ 6:40

4:30ಕ್ಕೆ ಎದ್ದಾಗ ಕಾಫಿ ಯಾರು ಮಾಡಿ ಕೊಡುತ್ತಾರೆ ಅಣ್ಣ?

ಶಿಸ್ತಿನ ಸಿಪಾಯಿ · ಜೂನ್ 15, ಬೆಳಿಗ್ಗೆ 6:52

ಅದು ಇಲ್ಲಿ ವಿಷಯ ಅಲ್ಲ.

ಗೋಳಿಬಜೆ 404 · ಜೂನ್ 15, ಬೆಳಿಗ್ಗೆ 6:53

ಅದೇ ವಿಷಯ.

ಅಂಗಳದ ಗೆರಸೆ · ಜೂನ್ 15, ರಾತ್ರಿ 8:30

ನನಗೂ ಹಾಗೇ ಅನಿಸಿತು. ಮೊದಲ ಪೋಸ್ಟ್ ಮತ್ತೆ ಓದಿ. ಕರೆಂಟು, ಗ್ಯಾಸು, ಅತ್ತೆಯ ಮಾತ್ರೆ, ಮಗನ ಫೀಸು. ಇದು ಒಬ್ಬರ ಪಟ್ಟಿ ಅಲ್ಲ, ನಾಲ್ಕು ಜನರ ಪಟ್ಟಿ ಒಬ್ಬರ ಮಂಡೆಯಲ್ಲಿ ಇರುವುದು. ಯಾವ ಆಪ್ ಹಾಕಿದರೂ ಅದನ್ನು ತುಂಬಿಸುವವರು ಅವರೇ, ನೋಡುವವರು ಅವರೇ, ಮರೆತರೆ ಬೈಸಿಕೊಳ್ಳುವವರೂ ಅವರೇ.

ಪ್ಯಾಸೆಂಜರ್ ಅಕ್ಕ, ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ವಿಮೆ ಆನ್‌ಲೈನಿನಲ್ಲಿ ಕಟ್ಟುವುದಲ್ವಾ? ಕರೆಂಟು ಬಿಲ್ಲೂ ಹಾಗೇ. ದುಬೈಯಿಂದ ಕಟ್ಟಲು ಎಂತ ಕಷ್ಟ? ಗೂಗಲ್ ಕ್ಯಾಲೆಂಡರಿನಲ್ಲಿ "ಮನೆ" ಅಂತ ಹೊಸ ಕ್ಯಾಲೆಂಡರ್ ಒಂದು ಮಾಡಿ, ಅವರ ಜೊತೆ ಹಂಚಿಕೊಳ್ಳಿ, ತಿದ್ದುವ ಅನುಮತಿಯನ್ನೂ ಕೊಡಿ. ಹಣ ಕಟ್ಟುವುದೆಲ್ಲ ಅವರದ್ದು. ಮಗನಿಗೆ ಕೀಪ್‌ನಲ್ಲಿ ಅಂಗಡಿ ಸಾಮಾನಿನ ಪಟ್ಟಿ ಹಂಚಿ. ಎಂಟನೇ ಕ್ಲಾಸು ಅಂದರೆ ಸಣ್ಣ ಹುಡುಗ ಅಲ್ಲ.

ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ಗೆರಸೆ ಮಡಿಲಲ್ಲಿ ಇಟ್ಟರೆ 25 ಬೀಡಿಯ ಒಂದು ಕಟ್ಟು ಆಗುವವರೆಗೆ ಏಳುತ್ತಿರಲಿಲ್ಲ. ಕಟ್ಟು ಆಯಿತು, ಎದ್ದರು, ಒಲೆ ನೋಡಿದರು, ಕೋಳಿಗೆ ಅಕ್ಕಿ ಹಾಕಿದರು, ಮತ್ತೆ ಕೂತರು. ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋಗುವುದು ಮಾತ್ರ ನಾನು. ಶಾಲೆಗೆ ಹೋಗುವ ದಾರಿಯಲ್ಲಿ ಕೊಟ್ಟು, ಪುಸ್ತಕದಲ್ಲಿ ಬರೆಸಿಕೊಂಡು ಬರುವುದು. ಅಷ್ಟು ಕೆಲಸದ ನಡುವೆಯೂ ಅವರು ಆ ಒಂದನ್ನು ನನ್ನ ತಲೆಗೆ ಕಟ್ಟಿದ್ದರು. ಅದನ್ನು ಅವರು ಮತ್ತೆ ಯೋಚನೆಯೇ ಮಾಡುತ್ತಿರಲಿಲ್ಲ.

ಹಾಸ್ಟೆಲ್ ಮೂರನೇ ಮಹಡಿ · ಜೂನ್ 15, ರಾತ್ರಿ 9:14

ಅಕ್ಕ, ನಿಮ್ಮ ಅಮ್ಮ ಮಾಡಿದ್ದು ಪೊಮೊಡೊರೊ! 25 ನಿಮಿಷ ಒಂದೇ ಕೆಲಸ, ಆಮೇಲೆ 5 ನಿಮಿಷ ಬಿಡುವು. ಇಟಲಿಯ ಫ್ರಾನ್ಸೆಸ್ಕೊ ಚಿರಿಲೊ 1980ರ ದಶಕದ ಕೊನೆಗೆ ಓದುವಾಗ ಟೊಮೆಟೊ ಆಕಾರದ ಅಡುಗೆ ಮನೆ ಟೈಮರ್ ಇಟ್ಟು ಶುರು ಮಾಡಿದ್ದು. ಇಟಾಲಿಯನ್ನಿನಲ್ಲಿ ಪೊಮೊಡೊರೊ ಅಂದರೆ ಟೊಮೆಟೊ. ನಾನು ಪರೀಕ್ಷೆಗೆ ಹೀಗೇ ಓದುವುದು.

ಅಂಗಳದ ಗೆರಸೆ · ಜೂನ್ 15, ರಾತ್ರಿ 9:31

ಅಮ್ಮನಿಗೆ ಹೇಳಿದೆ. "ಅವನಿಗೆ ದಿನಕ್ಕೆ ಎಷ್ಟು ಸಾವಿರ ಆಗುತ್ತಿತ್ತಂತೆ?" ಅಂತ ಕೇಳಿದರು.

ಬಿಜೈ ಬಾಲ್ಕನಿ · ಜೂನ್ 15, ರಾತ್ರಿ 9:40

ಇದು ಓದುವಾಗ ಹಸಿವಾಯಿತು. ಮಳೆಗೆ ಬನ್ಸ್ ಒಳ್ಳೆಯದೋ ಗೋಳಿಬಜೆ ಒಳ್ಳೆಯದೋ?

ಗೋಳಿಬಜೆ 404 · ಜೂನ್ 15, ರಾತ್ರಿ 9:41

ನನ್ನನ್ನೇ ಕೇಳುತ್ತೀರಾ?

ಎಕ್ಸ್‌ಪ್ರೆಸ್ ಬಸ್ · ಜೂನ್ 15, ರಾತ್ರಿ 9:44

ಬನ್ಸ್. ಹಿಂದಿನ ದಿನ ಕಲಸಿಟ್ಟ ಹಿಟ್ಟಿನದ್ದು, ಬಾಳೆಹಣ್ಣು ಚೆನ್ನಾಗಿ ಕಳಿತದ್ದು. ಆಗಾಗಲೇ ಮಾಡಿದ್ದು ಬನ್ಸೇ ಅಲ್ಲ.

ಟೈಪಿಂಗ್ ಸೀನಿಯರ್ · ಜೂನ್ 15, ರಾತ್ರಿ 9:58

ಅಕ್ಕ ಎಲ್ಲಿ ಹೋದರು? ಇಲ್ಲಿ ತಿಂಡಿ ಅಂಗಡಿ ತೆರೆಯಿತು.

ಪಡುಬಿದ್ರಿ ಪ್ಯಾಸೆಂಜರ್ · ಜೂನ್ 16, ಬೆಳಿಗ್ಗೆ 8:35

ಬಸ್ಸಿನಿಂದ ಬರೆಯುತ್ತಿದ್ದೇನೆ, ಸೀಟು ಸಿಕ್ಕಿದೆ. ಗೆರಸೆ ಅಕ್ಕ, ಬೇಜಾರು ಎಂತದ್ದು? ನಿಮ್ಮ ಮೆಸೇಜನ್ನು ಗಂಡನಿಗೇ ಕಳಿಸಿದೆ. "ನೀನು ಯಾವತ್ತೂ ಹೇಳಲೇ ಇಲ್ಲವಲ್ಲ" ಅಂದರು. ಯೋಚನೆ ಮಾಡಿದರೆ ಹೇಳಿಲ್ಲ ಹೌದು. ಅವರಿಗೆ ಅಲ್ಲಿ ಬೇರೆ ತಲೆಬಿಸಿ ಇರುತ್ತದೆ ಅಂತ.

ಸ್ಕ್ರೀನ್ ಗಾರ್ಡ್ ಹೇಳಿದ ಸೆಟ್ಟಿಂಗ್ ನೋಡಿದೆ. ಟುಡೂಯಿಸ್ಟ್ ನಿಜವಾಗಿಯೂ ಮಲಗಿತ್ತು. ಪಾಪ ಅದಕ್ಕೆ ಸುಮ್ನೆ ಬೈದೆ. ಒಂದೆರಡು ವಾರ ನೋಡಿ ಬರೆಯುತ್ತೇನೆ.

ಪಡುಬಿದ್ರಿ ಪ್ಯಾಸೆಂಜರ್ · ಜುಲೈ 6, ರಾತ್ರಿ 9:10

ಹೇಳಿದ ಹಾಗೆ ಬಂದೆ.

ಟುಡೂಯಿಸ್ಟ್ ತೆಗೆದೆ, ಒಳ್ಳೆಯ ಆಪೇ, ಆದರೆ ನನಗೆ ಅಷ್ಟು ಬೇಡ. ನೋಶನ್ ತೆಗೆಯಲು ಮನಸ್ಸು ಬರಲಿಲ್ಲ, ಎರಡು ಭಾನುವಾರದ ಕೆಲಸ ಅಲ್ವಾ? ಒಳಗಿನ ಒಂದು ಫೋಲ್ಡರಿನಲ್ಲಿ ಅಡಗಿಸಿ ಇಟ್ಟಿದ್ದೇನೆ. ವಾಟ್ಸಾಪಿಗೆ ಈಗಲೂ ಹಾಕುತ್ತೇನೆ, ಕೈ ಅಲ್ಲಿಗೇ ಹೋಗುತ್ತದೆ. ಆದರೆ ಸಂಜೆ ವಾಪಸ್ ಬರುವಾಗ ಬಸ್ಸು ಸುರತ್ಕಲ್ ಬಿಟ್ಟ ಕೂಡಲೇ ಅದನ್ನು ತೆರೆದು, ತಾರೀಕಿನದ್ದನ್ನು ಕ್ಯಾಲೆಂಡರಿಗೆ, ಉಳಿದದ್ದನ್ನು ಕೀಪ್‌ಗೆ ಹಾಕಿ ಅಳಿಸುತ್ತೇನೆ. ಕಂಡಕ್ಟರ್ "ಸುರತ್ಕಲ್" ಅಂದಾಗ ನೆನಪಾಗುತ್ತದೆ. ಕ್ಯಾಷಿಯರ್ ಸರ್, ನನ್ನ ಪಿಗ್ಮಿ ಏಜೆಂಟ್ ಅವನೇ. ಈ ಮೂರು ವಾರದಲ್ಲಿ ಐದು ದಿನ ತಪ್ಪಿದೆ, ಎರಡು ದಿನ ನಿದ್ದೆ, ಮೂರು ದಿನ ನಿಂತುಕೊಂಡೇ ಬಂದದ್ದು.

ಗಂಡ ಹಣ ಕಟ್ಟುವುದೆಲ್ಲ ತೆಗೆದುಕೊಂಡರು. ಮೊದಲ ರಿಮೈಂಡರನ್ನು ರಾತ್ರಿ 9 ಗಂಟೆಗೆ ಇಟ್ಟರು, ಅವರ 9 ಗಂಟೆ. ನನಗೆ ಇಲ್ಲಿ 10:30ಕ್ಕೆ ಹೊಡೆಯಿತು, ಒಳ್ಳೆಯ ನಿದ್ದೆಯಲ್ಲಿದ್ದೆ. ಆ ಕ್ಯಾಲೆಂಡರಿನ ಸದ್ದು ನನ್ನ ಫೋನಿನಲ್ಲಿ ಈಗ ಬಂದ್. ಅವರಿಗೆ ಮಾತ್ರ ಹೊಡೆಯುತ್ತದೆ. ಬಿಲ್ಲು ಕಟ್ಟಿಯಾಯಿತು ಅಂತ ನನಗೆ ಗೊತ್ತಾಗುವುದೂ ಇಲ್ಲ, ಆ ಸುಖ ಹೇಳಿ ತೀರದು.

ಅಡುಗೆ ಕೋಣೆಗೆ ಗೋಡೆ ಕ್ಯಾಲೆಂಡರೂ ಬಂತು. ಅದು ಅತ್ತೆಯ ಸುಪರ್ದಿ. ಮಾತ್ರೆ ತೆಗೆದುಕೊಂಡ ದಿನಕ್ಕೆ ಟಿಕ್ ಹಾಕುತ್ತಾರೆ, ನಾನು ಕೇಳುವುದೇ ಬೇಡ. ಆದರೆ ಜುಲೈ 18ಕ್ಕೆ ದೊಡ್ಡದಾಗಿ ಸುತ್ತು ಹಾಕಿ "ಅದು" ಅಂತ ಬರೆದಿದ್ದಾರೆ. "ಎಂತ ಅತ್ತೆ ಅದು?" ಅಂತ ಕೇಳಿದರೆ, "ನನಗೆ ಗೊತ್ತುಂಟು" ಅನ್ನುತ್ತಾರೆ.

ಗೋಡೆ ಕ್ಯಾಲೆಂಡರ್ · ಜುಲೈ 7, ಬೆಳಿಗ್ಗೆ 6:05

ಅವರು ಸರಿಯಾಗಿ ಬಳಸುತ್ತಿದ್ದಾರೆ.

ಟೈಪಿಂಗ್ ಸೀನಿಯರ್ · ಜುಲೈ 7, ಬೆಳಿಗ್ಗೆ 9:12

"ಅದು" ಅಂತ ಬರೆದರೆ ಹುಡುಕಿದಾಗ ಸಿಗುವುದು ಹೇಗೆ? ನನ್ನ ಮಾತು ಯಾರೂ ಕೇಳುವುದಿಲ್ಲ.

ಮಲ್ಪೆ ಗಾಳಿ · ಜುಲೈ 17, ಸಂಜೆ 6:30

ನಾಳೆ 18. ನಮ್ಮ ಇಂಜಿನ್ ಕೆಲಸ ಮುಗಿಯಿತು, ಇನ್ನು ಆಗಸ್ಟ್ 1 ಕಾಯುವುದು. ನಿಮ್ಮ ಅತ್ತೆಯ ವಿಷಯ ತಿಳಿಸಿ.

ಪಡುಬಿದ್ರಿ ಪ್ಯಾಸೆಂಜರ್ · ಜುಲೈ 19, ಬೆಳಿಗ್ಗೆ 8:40

18 ಆಯಿತು. ಯಾರೂ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ, ಅತ್ತೆ ಮನೆಯಿಂದ ಹೊರಗೂ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ "ಅದು" ಪಕ್ಕದಲ್ಲಿ ಟಿಕ್ ಹಾಕಿಯಾಗಿದೆ.